ಹಾಳೆಯ ಮೇಲಿನ ಹನಿಗಳು

ಮೊದಲು ಕಂಡದ್ದು ಅಮ್ಮನಿಗೆ. ಬೆಳಿಗ್ಗೆ ಅಂಗಳ ಗುಡಿಸಲು ಹೋದವರು ಪೊರಕೆ ಹಿಡಿದುಕೊಂಡೇ ಒಳಗೆ ಬಂದು, "ನಿನ್ನ ಕಾರು ರಾತ್ರಿ ಏನು ಮಾಡಿಕೊಂಡಿದೆ ನೋಡು ಬಾ" ಎಂದರು. ನಾಯಿಮರಿಯ ಮೇಲೆ ದೂರು ಹೇಳುವ ಧ್ವನಿ ಅದು. ನಮ್ಮದು ಸೆಗಣಿ ಸಾರಿಸಿದ ಅಂಗಳ. ಇನ್ನು ಹದಿನೈದು ದಿನಕ್ಕೆ ಬೇಯಿಸಿದ ಅಡಿಕೆಯನ್ನು ಅದೇ ಅಂಗಳದಲ್ಲಿ ಹರಡಬೇಕು. ಸರಿಯಾಗಿ ಅದರ ನಡುವೆ ಅಂಗೈಯಗಲದ ಎಣ್ಣೆಯ ಕಲೆ.

ಕಾರು ಮನೆಗೆ ಬಂದು ಇಪ್ಪತ್ತು ದಿನವಾಗಿತ್ತು. ಹನ್ನೆರಡು ವರ್ಷ ಹಳೆಯ ಪುಟ್ಟ ಕಾರು, 61,000 ಕಿಲೋಮೀಟರ್ ಓಡಿದ್ದು, 1,40,000 ರೂಪಾಯಿ ಕೊಟ್ಟು ತಂದದ್ದು. ಮಾರಿದವರು ತೀರ್ಥಹಳ್ಳಿ ಕಡೆಯ ಹಿರಿಯರೊಬ್ಬರು. ಕಣ್ಣು ಮಂಜಾದ ಮೇಲೆ ಓಡಿಸುವುದನ್ನು ಬಿಟ್ಟು, ಎರಡು ವರ್ಷ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿದ್ದರು. ಓಡದೆ ನಿಂತಿದ್ದ ಗಾಡಿ, ಸವೆದಿರುವುದಿಲ್ಲ ಎಂದು ನಾನು ಲೆಕ್ಕ ಹಾಕಿದ್ದೆ. ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನ ಲೆಕ್ಕ.

ಕಾರಿನ ಕೆಳಗೆ ಸೋರುವುದಕ್ಕೆ ಹಲವು ದ್ರವಗಳಿವೆ. ರೇಡಿಯೇಟರಿನದು ನೀರಿನಂತೆ ತೆಳು, ಬಣ್ಣದ್ದು. ಬ್ರೇಕಿನದು ತೆಳು, ಬಣ್ಣ ಮಾತ್ರ ಅಷ್ಟಾಗಿ ಕಾಣದು. ಎಂಜಿನ್ ಎಣ್ಣೆ ಹಳತಾದರೆ ಕಾಡಿಗೆಯಂತೆ ಕಪ್ಪು. ಬೆರಳಿಗೆ ಹತ್ತಿದ್ದು ಇವು ಯಾವುವೂ ಅಲ್ಲ. ಜೋನಿಬೆಲ್ಲದ ಬಣ್ಣ, ಹಾಗೆಯೇ ಮಂದ. ಮೂಗಿಗೆ ಹಿಡಿದರೆ ದೀಪಾವಳಿಯ ಮರುದಿನದ ಬೀದಿಯ ವಾಸನೆ. ಗೇರ್ ಎಣ್ಣೆಗೆ ಹಲ್ಲುಗಳ ಒತ್ತಡ ತಾಳಲೆಂದು ಗಂಧಕದ ಸಂಯುಕ್ತಗಳನ್ನು ಬೆರೆಸುತ್ತಾರೆ. ಒಮ್ಮೆ ಮೂಸಿದವರು ಮರೆಯುವುದಿಲ್ಲ. ಅಲ್ಲಿಗೆ ಸೋರುತ್ತಿರುವುದು ಗೇರ್ ಬಾಕ್ಸ್ ಎಂದಾಯಿತು. ಎಲ್ಲಿಂದ ಎನ್ನುವುದು ಬೇರೆ ಪ್ರಶ್ನೆ.

ಓಡುವ ಗಾಡಿಯ ಗಾಳಿ ಎಣ್ಣೆಯನ್ನು ಹಿಂದಕ್ಕೆ ಬಳಿಯುತ್ತಾ ಹೋಗುತ್ತದೆ. ಹನಿ ಬೀಳುವ ಜಾಗ ಒಂದು, ಹುಟ್ಟುವ ಜಾಗ ಇನ್ನೊಂದು. ಅದಕ್ಕೇ ಮೊದಲು ತೊಳೆಯಬೇಕು. ಅರ್ಧ ಲೀಟರ್ ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ಷು, ಒಂದು ಪಂಚೆಯ ಚೂರು ಹಿಡಿದು ಗೇರ್ ಬಾಕ್ಸಿನ ಹೊರಮೈಯನ್ನು ಮಗುವಿಗೆ ಎಣ್ಣೆಸ್ನಾನ ಮಾಡಿಸಿದಂತೆ ಉಜ್ಜಿದೆ. ಒಣಗಿದ ಮೇಲೆ ಅಮ್ಮನ ಪೌಡರ್ ಡಬ್ಬಿಯಿಂದ ಅನುಮಾನವಿದ್ದ ಜಾಗಗಳಿಗೆಲ್ಲ ಪೌಡರ್ ಹಚ್ಚಿದೆ. ಕೆಳಗೆ ಹಾಸಲು ರಟ್ಟು ಹುಡುಕುತ್ತಿದ್ದಾಗ ಅಮ್ಮನೇ ತೋಟದಿಂದ ಎರಡು ಅಡಿಕೆ ಹಾಳೆ ತಂದು ಕೊಟ್ಟರು. ರಟ್ಟಿಗಿಂತ ಎಷ್ಟೋ ಮೇಲು. ಒಳಮೈ ನಸುಬಿಳುಪು, ಎಣ್ಣೆ ಇಂಗುವುದಿಲ್ಲ, ಒಂದೊಂದು ಹನಿಯೂ ಬಿದ್ದ ಜಾಗದಲ್ಲೇ ನಿಲ್ಲುತ್ತದೆ.

ಮರುದಿನ ಬೆಳಿಗ್ಗೆ ಹಾಳೆಯ ಮೇಲೆ ಒಂಬತ್ತು ಹನಿಗಳಿದ್ದವು, ಎಲ್ಲವೂ ಎಡಗಾಲಿಯ ಕಡೆ. ಗಾಲಿಯನ್ನು ತಿರುಗಿಸುವ ಡ್ರೈವ್ ಶಾಫ್ಟ್ ಗೇರ್ ಬಾಕ್ಸಿನೊಳಗೆ ಹೋಗುವ ಬಾಯಲ್ಲಿ ಪೌಡರ್ ಒದ್ದೆಯಾಗಿ ಹಳದಿಗಟ್ಟಿತ್ತು. ಎಂಜಿನ್ನಿಗೂ ಗೇರ್ ಬಾಕ್ಸಿಗೂ ನಡುವಿನ ಕೂಡುಭಾಗ ಒಣಗಿಯೇ ಇತ್ತು. ಅಲ್ಲಿ ಸೋರಿದ್ದರೆ ಗೇರ್ ಬಾಕ್ಸನ್ನೇ ಕೆಳಗಿಳಿಸಬೇಕಾಗುತ್ತಿತ್ತು. ಶಾಫ್ಟಿನ ಬಾಯಲ್ಲಿರುವುದು ಇನ್ನೂರು ರೂಪಾಯಿಯೂ ಬೀಳದ ರಬ್ಬರ್ ಬಳೆ, ಆಯಿಲ್ ಸೀಲ್. ನಿರಾಳವಾಯಿತು. ಪೇಟೆಯ ಮೇಸ್ತ್ರಿಯೊಬ್ಬರಲ್ಲಿಗೆ ಒಯ್ದೆ. ಮಧ್ಯಾಹ್ನದೊಳಗೆ ಹೊಸ ಸೀಲು ಹಾಕಿ, ಎಣ್ಣೆ ತುಂಬಿಸಿ ಕೊಟ್ಟರು. ನಾಲ್ಕು ದಿನ ಹಾಳೆ ಒಣಗಿತ್ತು. ಐದನೆಯ ದಿನ ಉಡುಪಿಗೆ ಮದುವೆಗೆ ಹೋಗಿ ಆಗುಂಬೆ ಘಾಟಿಯ ಮೇಲೆ ವಾಪಸು ಬಂದೆ.

ಸೋಮೇಶ್ವರದಿಂದ ಮೇಲಕ್ಕೆ ಹದಿನಾಲ್ಕು ಹೇರ್‌ಪಿನ್ ತಿರುವು. ಮೊದಲ ಗೇರು, ಎರಡನೆಯ ಗೇರು, ಮತ್ತೆ ಮೊದಲನೆಯದು. ಮನೆಗೆ ಬಂದು ಹಾಳೆ ಹಾಸಿ ಮಲಗಿದೆ. ಬೆಳಿಗ್ಗೆ ನೋಡಿದರೆ ಎಡಗಡೆ ಮಾತ್ರವಲ್ಲ, ಬಲಗಡೆಯ ಸೀಲಿನಲ್ಲೂ ಎಣ್ಣೆ ಜಿನುಗಿತ್ತು. ಗೇರ್ ಬದಲಿಸುವ ಸರಳು ಒಳಹೊಗುವ ಜಾಗವೂ ಬೆವರಿತ್ತು.

ಮನಸ್ಸಿನಲ್ಲೇ ಮೇಸ್ತ್ರಿಯನ್ನು ಬೈದುಕೊಂಡೆ. ಸೀಲನ್ನು ಸುತ್ತಿಗೆಯಲ್ಲಿ ಸೊಟ್ಟಗೆ ಹೊಡೆದಿರಬೇಕು, ಕಳಪೆ ಮಾಲು ಹಾಕಿರಬೇಕು ಎಂದೆಲ್ಲ. ಮತ್ತೆ ಅವರಲ್ಲಿಗೇ ಒಯ್ದಾಗ ಕಾರಿನ ಅಡಿಗೆ ನುಗ್ಗಿ ನೋಡಿ, "ಸಾರ್, ಮೂರು ಕಡೆ ಸೋರುತ್ತಿದೆ ಎಂದರೆ ಬಾಕ್ಸ್ ಬಿಚ್ಚಿಯೇ ನೋಡಬೇಕು, ಹದಿನೈದು ಸಾವಿರವಾಗಬಹುದು" ಎಂದರು. ಯೋಚಿಸುತ್ತೇನೆ ಎಂದು ಹೇಳಿ ಹೊರಟು ಬಂದೆ.

ನಿಜವಾಗಿಯೂ ಯೋಚಿಸಬೇಕಾದದ್ದು ಅಲ್ಲೇ ಇತ್ತು. ಒಂದು ಸೀಲು ಹಾಳಾದರೆ ಒಂದು ಕಡೆ ಸೋರಬೇಕು. ಹನ್ನೆರಡು ವರ್ಷ ಸುಮ್ಮನಿದ್ದ ಇನ್ನೆರಡು ಜಾಗಗಳು ಒಂದೇ ದಿನ ಬಾಯಿಬಿಟ್ಟದ್ದೇಕೆ? ಇನ್ನೂ ಒಂದು ಮಾತು: ಆಮೇಲೆ ಬರೀ ಕಾಲೇಜಿಗೆ ಹೋಗಿ ಬಂದ ದಿನ ಎರಡು ಹನಿ, ಘಾಟಿ ಹತ್ತಿದ ದಿನ ಅಂಗೈಯಗಲ. ಕಾವಿಗೂ ಸೋರಿಕೆಗೂ ಸಂಬಂಧವಿತ್ತು.

ಶನಿವಾರ ಸಂಜೆ ಬೇಕೆಂದೇ ಒಂದು ಗಂಟೆ ಏರುದಾರಿಯಲ್ಲಿ ಓಡಿಸಿ ಬಂದು, ಕಾವು ಆರುವ ಮೊದಲೇ ಗೇರ್ ಬಾಕ್ಸಿನ ಪಕ್ಕದಲ್ಲಿರುವ ಎಣ್ಣೆ ತುಂಬುವ ಪ್ಲಗ್ಗನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿದೆ. ಇದನ್ನು ಯಾರೂ ಮಾಡಬೇಡಿ. ಎಣ್ಣೆಯ ಮಟ್ಟ ಸರಿಯಾಗಿದ್ದಿದ್ದರೆ ಬಿಸಿ ಎಣ್ಣೆ ಮುಖಕ್ಕೇ ಚಿಮ್ಮುತ್ತಿತ್ತು. ಸೋರಿ ಸೋರಿ ಮಟ್ಟ ಇಳಿದಿದ್ದರಿಂದ ಬರೀ ಗಾಳಿ ಬಂತು. "ಉಸ್" ಎಂದು, ಕುಕ್ಕರಿನ ಸಣ್ಣ ತಂಗಿಯಂತೆ.

ಕಾರಿನ ಅಡಿಯಲ್ಲಿ ಅಂಗಾತ ಮಲಗಿ ನಗು ಬಂತು. ಗಾತ್ರ ಬದಲಾಗದಿದ್ದರೆ ಅನಿಲದ ಒತ್ತಡ ಅದರ ನಿರಪೇಕ್ಷ ತಾಪಕ್ಕೆ ಅನುಪಾತದಲ್ಲಿ ಏರುತ್ತದೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಬರೆಯುವವನು ನಾನೇ. ಬೆಳಗಿನ 25 ಡಿಗ್ರಿಯಿಂದ 85ಕ್ಕೆ ಏರಿತು ಎಂದಿಟ್ಟುಕೊಂಡರೆ 298 ಕೆಲ್ವಿನ್ 358 ಆಗುತ್ತದೆ. ಒಳಗಿನ ಗಾಳಿಯ ಒತ್ತಡ ಐದನೇ ಒಂದು ಪಾಲು ಹೆಚ್ಚು. ಶಾಫ್ಟಿನ ಸುತ್ತ ಸಣ್ಣ ಸ್ಪ್ರಿಂಗಿನ ಬಲದಿಂದ ಅಪ್ಪಿಕೊಂಡಿರುವ ರಬ್ಬರ್ ತುಟಿ, ಗೇರಿನ ಹಲ್ಲುಗಳು ಎರಚುವ ಎಣ್ಣೆಯನ್ನು ತಡೆಯುತ್ತದೆ, ಈ ಒತ್ತಡವನ್ನಲ್ಲ. ಅದಕ್ಕೆಂದೇ ಗೇರ್ ಬಾಕ್ಸಿನ ನೆತ್ತಿಯಲ್ಲಿ ಉಸಿರಾಡಲು ಒಂದು ದಾರಿ ಇಟ್ಟಿರುತ್ತಾರೆ. ಬ್ರೀದರ್ ಎನ್ನುತ್ತಾರೆ.

ಭಾನುವಾರ ಬೆಳಿಗ್ಗೆ ಬ್ಯಾಟರಿ ತೆಗೆದು, ಅದರ ತಟ್ಟೆ ಬಿಚ್ಚಿ, ಬ್ರೀದರಿನ ಕೊಳವೆಯನ್ನು ಎಳೆದುಕೊಂಡೆ. ಪೆನ್ಸಿಲ್ ಗಾತ್ರದ ರಬ್ಬರ್ ಕೊಳವೆ. ಬಾಯಿಟ್ಟು ಊದಿದರೆ ಕೆನ್ನೆ ಉಬ್ಬಿತೇ ಹೊರತು ಗಾಳಿ ಆಚೆ ಹೋಗಲಿಲ್ಲ. ತುದಿಯನ್ನು ಬ್ಲೇಡಿನಿಂದ ಸೀಳಿದೆ. ಒಳಗೆ ಒಣಗಿ ಕಲ್ಲಾದ ಕೆಂಪು ಮಣ್ಣು, ನಡುನಡುವೆ ಪುಟ್ಟ ಕೋಣೆಗಳು, ಕೋಣೆಗಳಲ್ಲಿ ಜೇಡಗಳ ಒಣಗಿದ ಕಾಲುಗಳು. ಕುಂಬಾರ ಹುಳ! ಜೇಡವನ್ನು ಕುಟುಕಿ ಮರಗಟ್ಟಿಸಿ, ಮರಿಗೆ ಬುತ್ತಿಯಾಗಿ ಇಟ್ಟು, ಮೇಲೆ ಮಣ್ಣಿನ ಬಿರಡೆ ಹಾಕಿ ಹೋಗುವ ಜಾತಿ. ಎರಡು ವರ್ಷ ಅಲುಗದೆ ನಿಂತ ಕಾರಿನಲ್ಲಿ ಅದಕ್ಕೆ ಇದಕ್ಕಿಂತ ಒಳ್ಳೆಯ ಬಾಣಂತಿಕೋಣೆ ಎಲ್ಲಿ ಸಿಗಬೇಕು? ಸವೆದಿರುವುದಿಲ್ಲ ಎಂದಿದ್ದೆನಲ್ಲ, ಸವೆದಿರಲಿಲ್ಲ, ನಿಜ.

ಸೀಳಿದ ಕೊಳವೆಯನ್ನು ಜೇಬಿನಲ್ಲಿಟ್ಟುಕೊಂಡು ಮೇಸ್ತ್ರಿಯ ಮನೆಗೆ ಹೋದೆ. ಅವರು ಮಣ್ಣನ್ನು ಉಗುರಿನಲ್ಲಿ ಕೆದರಿ ನೋಡಿ, ಏನೂ ಹೇಳದೆ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು. ರಜೆಯ ದಿನ ನಮ್ಮ ಅಂಗಳದಲ್ಲೇ ಕೆಲಸ ನಡೆಯಿತು. ಮೊದಲು ತುಂಬುವ ಪ್ಲಗ್ಗು ಸಡಿಲಿಸಬೇಕು, ಆಮೇಲೆ ಖಾಲಿ ಮಾಡುವುದು ಎಂದರು. ಎಣ್ಣೆಯೆಲ್ಲ ಸುರಿದ ಮೇಲೆ ತುಂಬುವ ಪ್ಲಗ್ಗು ತುಕ್ಕು ಹಿಡಿದು ಕೂತಿದೆ ಎಂದು ತಿಳಿದರೆ ಕಾರು ಅಲ್ಲಿಂದ ಕದಲುವುದಿಲ್ಲ. ಕೈಪಿಡಿಯ ಪ್ರಕಾರ 2.2 ಲೀಟರ್ ಇರಬೇಕಿತ್ತು. ಬಕೆಟ್ಟಿಗೆ ಬಿದ್ದದ್ದು ಒಂದೂವರೆ ಲೀಟರಿನಷ್ಟು. ಕೆಳಗಿನ ಪ್ಲಗ್ಗಿನ ಅಯಸ್ಕಾಂತದ ಮೇಲೆ ಕಬ್ಬಿಣದ ಬೂದಿಯಂಥ ಕೆಸರು ಮಾತ್ರ ಇತ್ತು, ಹಲ್ಲಿನ ಚೂರುಗಳಿರಲಿಲ್ಲ. ಅಲ್ಲಿಯವರೆಗೂ ನನಗೆ ಒಳಗೊಳಗೇ ಇದ್ದ ಭಯ ಅದೊಂದೇ.

ಎಡಗಡೆ ಅವರೇ ಹಾಕಿದ್ದ ಸೀಲು ಬಿಲ್ಲೆಯಂತೆ ನೇರವಾಗಿ ಕೂತಿತ್ತು. ಟಾರ್ಚು ಹಿಡಿದುಕೊಂಡಿದ್ದ ನಾನು ಬೇರೆ ಕಡೆ ನೋಡಿದೆ. ಒತ್ತಡಕ್ಕೆ ಅದರ ತುಟಿ ಹಿಗ್ಗಿರಬಹುದೆಂದು ಅದನ್ನೂ ಬದಲಿಸಿದೆವು. ಬಲಗಡೆಯದು ಹನ್ನೆರಡು ವರ್ಷದ ರಬ್ಬರ್, ಒಣ ಕೊಬ್ಬರಿಯಂತೆ ಗಡುಸಾಗಿತ್ತು. ಹೊಸದರ ತುಟಿಗೆ ಎಣ್ಣೆ ಸವರಿ, ಅಷ್ಟೇ ಅಗಲದ ಹಲಸಿನ ಕೊರಡಿಟ್ಟು ಸುತ್ತಲೂ ಸಮನಾಗಿ ತಟ್ಟಿ ಕೂರಿಸಿದರು. ಎಣ್ಣೆಯ ಅಂಗಡಿಯವನು ಹಿಂದಿನ ದಿನ ಟ್ರಾಕ್ಟರಿಗೆ ಹಾಕುವ ಜಿಎಲ್-5 ದರ್ಜೆಯ ಡಬ್ಬಿಯನ್ನು ಕೈಗಿಟ್ಟಿದ್ದ. ಸಂಖ್ಯೆ ದೊಡ್ಡದಾದರೆ ಒಳ್ಳೆಯದು ಎಂಬುದು ಅವನ ವಾದ. ಅದರಲ್ಲಿನ ಹೆಚ್ಚಿನ ಗಂಧಕ ಗೇರುಗಳ ಹಿತ್ತಾಳೆಯ ಉಂಗುರಗಳನ್ನು ತಿನ್ನಬಹುದು ಎಂದು ಹೇಳಿ, ಕೈಪಿಡಿಯಲ್ಲಿದ್ದ 75ಡಬ್ಲ್ಯೂ-90 ಮಂದತೆಯ, ಜಿಎಲ್-4 ದರ್ಜೆಯದನ್ನೇ ತಂದಿದ್ದೆ. ಪಕ್ಕದ ರಂಧ್ರದಿಂದ ಎಣ್ಣೆ ತಾನಾಗಿ ಹೊರಗೆ ತೊಟ್ಟಿಕ್ಕುವವರೆಗೆ ತುಂಬಿಸಿದೆವು. ಬ್ರೀದರಿಗೆ ಹೊಸ ಕೊಳವೆ ಹಾಕಿ, ತುದಿಯನ್ನು ಕೆಳಮುಖವಾಗಿ ಬಾಗಿಸಿ, ಬಾಯಿಗೆ ಸಣ್ಣ ಜಾಲರಿ ಕಟ್ಟಿದೆವು. ಊಟ ಮಾಡಿ ಹೋಗಿ ಎಂದರೂ ಅವರು ನಿಲ್ಲಲಿಲ್ಲ. ಕೂಲಿ ಬೇಡವೆಂದರು, ಸೀಳಿದ ಕೊಳವೆಯನ್ನು ಮಾತ್ರ ತಮಗೆ ಬೇಕು ಎಂದು ಕೇಳಿ ತೆಗೆದುಕೊಂಡರು.

ಮುಂದಿನ ವಾರ ಕೆಲಸವಿಲ್ಲದೆಯೂ ಸೋಮೇಶ್ವರದವರೆಗೆ ಇಳಿದು ಮತ್ತೆ ಹತ್ತಿ ಬಂದೆ. ರಾತ್ರಿ ಹೊಸ ಹಾಳೆ ಹಾಸಿದೆ. ಬೆಳಿಗ್ಗೆ ನಾನು ಎದ್ದು ಹೋಗುವಷ್ಟರಲ್ಲಿ ಕಾರಿನ ಅಡಿಯಲ್ಲಿ ಹಾಳೆಯೇ ಇರಲಿಲ್ಲ. ಅಮ್ಮ ಅದನ್ನು ಬಚ್ಚಲ ಒಲೆಗೆ ಹಾಕಿಯಾಗಿತ್ತು. ಹನಿ ಬಿದ್ದಿತ್ತಾ ಎಂದು ಕೇಳಿದೆ. "ನಾನೇನು ನೋಡಲಿಲ್ಲಪ್ಪ," ಎಂದರು, "ಚೆನ್ನಾಗಿ ಉರಿಯಿತು."

ಮತ್ತೆ ಹಾಳೆ ಹಾಸಿದೆ.