50 ಆರ್‌ಪಿಎಂ ದಾಟುವಾಗ

ನಮ್ಮದು ಬ್ಯಾಲೆನ್ಸಿಂಗ್ ಶಾಪ್. ಅಕ್ಕಿ ಗಿರಣಿಯ ಬ್ಲೋವರ್, ಅಡಿಕೆ ಸುಲಿಯುವ ಯಂತ್ರದ ಡ್ರಮ್, ಪಂಪಿನ ಇಂಪೆಲ್ಲರ್, ಮಾಚೇನಹಳ್ಳಿ ಕಡೆಯ ಫ್ಯಾಕ್ಟರಿಗಳಿಂದ ಫ್ಯಾನ್ ರೋಟರ್, ಹೀಗೆ ತಿರುಗುವಾಗ ಅಲುಗುವ ಎಲ್ಲವೂ ನಮ್ಮ ಬಾಗಿಲಿಗೆ ಬರುತ್ತವೆ. ಟ್ರಯಲ್ ವೇಟ್, ಅಂದರೆ ಪರೀಕ್ಷೆಗೆ ಒಂದು ಸಣ್ಣ ತೂಕ, ಹಾಕಿ, ಫೇಸ್, ಅಂದರೆ ಭಾರ ಯಾವ ಕಡೆ ಹೆಚ್ಚಿದೆ ಅಂತ, ನೋಡಿ, ಸರಿ ಮಾಡಿ ಕಳಿಸುತ್ತೇವೆ. ಶಿವಮೊಗ್ಗದಲ್ಲಿ ಈ ಕೆಲಸಕ್ಕೆ ಬರವಿಲ್ಲ.

ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣದಿಂದ ಮರಳಿದ ಮೇಲೆ ಒಂದು ವಿದ್ಯಾಸಂಸ್ಥೆಯವರು ವಿಚಿತ್ರ ಆರ್ಡರ್ ತಂದರು. ಸುನೀತಾ ವಿಲಿಯಮ್ಸ್ 286 ದಿನ ಮೇಲಿದ್ದು ಇಳಿದಾಗ ಸ್ಟ್ರೆಚರ್ ಮೇಲೆ ಕರೆದೊಯ್ದದ್ದನ್ನು ಮಕ್ಕಳು ಟಿವಿಯಲ್ಲಿ ನೋಡಿದ್ದರು. ಮೇಲೆ ಗುರುತ್ವ ತಯಾರಿಸಲು ಆಗಲ್ವಾ ಅಂತ ಕೇಳಿದ್ದರಂತೆ. ಹಾಗಾಗಿ ವಿಜ್ಞಾನ ಪ್ರದರ್ಶನಕ್ಕೆ ಬಾಹ್ಯಾಕಾಶದಲ್ಲಿ ತಿರುಗುವ ಊರಿನ ಮಾದರಿ ಬೇಕು, ನಿಜಕ್ಕೂ ತಿರುಗಬೇಕು ಎಂದರು. ನನಗೆ ಬಹಳ ಖುಷಿಯಾಯಿತು. ಇಷ್ಟು ವರ್ಷ ತಿರುಗುವಾಗ ಹುಟ್ಟುವ ಹೊರಗಿನ ಎಳೆತವನ್ನು ಶತ್ರುವಿನಂತೆ ನೋಡಿದ್ದೇ ಕೆಲಸವಾಗಿತ್ತು. ಇಲ್ಲಿ ಎಳೆತವೇ ಬೇಕಾದ ಮಾಲು.

ಲೆಕ್ಕ ದೊಡ್ಡದಲ್ಲ. ನಿಲ್ದಾಣ ಇರುವ 400 ಕಿಮೀ ಎತ್ತರದಲ್ಲೂ ಭೂಮಿಯ ಗುರುತ್ವ ಇಲ್ಲಿಯ ಸುಮಾರು ಹತ್ತರಲ್ಲಿ ಒಂಬತ್ತು ಭಾಗ ಇದೆ. ನಿಲ್ದಾಣವೂ ಅದರೊಳಗಿನ ಜನರೂ ಒಟ್ಟಿಗೇ ಬೀಳುತ್ತಿರುತ್ತಾರೆ, ಅದಕ್ಕೇ ನೆಲ ಕಾಲನ್ನು ಒತ್ತುವುದಿಲ್ಲ. ಒತ್ತಬೇಕಾದರೆ ಚಕ್ರದಂಥ ಮನೆ ಕಟ್ಟಿ ತಿರುಗಿಸಬೇಕು. ಆಗ ಹೊರಗಿನ ಗೋಡೆಯೇ ನೆಲ. ವೇಗ ಎರಡು ಪಟ್ಟು ಮಾಡಿದರೆ ಒತ್ತಡ ನಾಲ್ಕು ಪಟ್ಟು. ಭೂಮಿಯಷ್ಟೇ ತೂಕ ಬೇಕಾದರೆ 2 ಆರ್‌ಪಿಎಂಗೆ, ಅಂದರೆ ನಿಮಿಷಕ್ಕೆ ಎರಡು ಸುತ್ತಿಗೆ, 224 ಮೀಟರ್ ತ್ರಿಜ್ಯ ಬೇಕು. 4 ಆರ್‌ಪಿಎಂಗೆ 56 ಮೀಟರ್ ಸಾಕು. 10ಕ್ಕೆ 9 ಮೀಟರ್ ಸಾಕು. ಚಕ್ರ ಚಿಕ್ಕದಾದಷ್ಟೂ ಖರ್ಚು ಕಡಿಮೆ, ಹಾಗಾಗಿ ಹಣ ಕೊಡುವವರಿಗೆ ವೇಗ ಜಾಸ್ತಿ ಮಾಡುವ ಆಸೆ ಹುಟ್ಟುತ್ತದೆ. ಇದು ಅಂತರಿಕ್ಷಕ್ಕೆ ಮಾತ್ರ ಸಂಬಂಧಿಸಿದ ಸಮಸ್ಯೆ ಅಲ್ಲ.

ನಾವು ಮಾಡಿದ್ದು 1.5 ಮೀಟರ್ ವ್ಯಾಸದ ಚಕ್ರ. ಶಾಫ್ಟ್ ನೆಟ್ಟಗೆ, ಕೆಳಗೆ ಬೆಲ್ಟ್ ಡ್ರೈವ್, ಮೋಟರ್ ವೇಗ ಏರಿಸಿ ಇಳಿಸುವ ವಿಎಫ್‌ಡಿ ಪ್ಯಾನಲ್. 35 ಆರ್‌ಪಿಎಂಗೆ ಅಂಚಿನಲ್ಲಿ ಹೊರಗಿನ ಎಳೆತ ಭೂಮಿಯ ಗುರುತ್ವಕ್ಕೆ ಸಮ. ಎರಡೂ ಸೇರಿದಾಗ ನೇತುಹಾಕಿದ ಗುಂಡು 45 ಡಿಗ್ರಿ ಓರೆಯಾಗಿ ನಿಲ್ಲುತ್ತದೆ. ಅಂಚಿನಲ್ಲಿ ಬಣ್ಣದ ನೀರಿನ ನಾಲ್ಕು ಅಕ್ರಿಲಿಕ್ ಟ್ಯಾಂಕ್, ಮಧ್ಯೆ ಮಧ್ಯೆ ಹೆಸರುಕಾಳು ಬಿತ್ತಿದ ಕಪ್‌ಗಳು. ಈ ಕಾಳಿನ ಐಡಿಯಾ ಹಳೆಯದು. 1806ರಲ್ಲಿ ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್ ಎನ್ನುವವರು ತೋಟದ ಹಳ್ಳದ ನೀರಿನಿಂದ ಚಕ್ರ ತಿರುಗಿಸಿ, ಅದರ ಮೇಲೆ ಕಾಳು ಮೊಳೆಸಿದ್ದರು. ಬೇರು ಹೊರಕ್ಕೆ ಹೋಯಿತು, ಚಿಗುರು ನಡುವಿಗೆ ಬಂತು. ಗಿಡಕ್ಕೆ ಗುರುತ್ವವೂ ತಿರುಗುವಿಕೆಯ ಎಳೆತವೂ ಒಂದೇ. ನಮ್ಮ ಶಾಪ್‌ನಲ್ಲೂ ಹೆಸರುಕಾಳು ಹಾಗೇ ಬಾಗಿ ಎದ್ದಾಗ ಬೋರಿಂಗ್ ಮಷಿನ್ ಹುಡುಗರೆಲ್ಲ ಕೆಲಸ ಬಿಟ್ಟು ಬಂದು ನೋಡಿದರು. ರಾತ್ರಿ ಕರೆಂಟ್ ಹೋದ ಹೊತ್ತಿನಲ್ಲಿ ಅವು ನೆಟ್ಟಗಾಗಲು ನೋಡಿದ್ದು ಕೂಡ ಕಾಂಡದ ಸಣ್ಣ ಡೊಂಕಿನಲ್ಲಿ ಗೊತ್ತಾಗುತ್ತಿತ್ತು.

ಟ್ಯಾಂಕ್ ತುಂಬಿಸಿ, ಮುಚ್ಚಳಕ್ಕೆ ಸ್ಕ್ರೂ ಹಾಕಿ, ಶಾಪ್‌ನ ಕಾಂಕ್ರೀಟ್ ನೆಲದ ಮೇಲೆ ಬ್ಯಾಲೆನ್ಸ್ ಮಾಡಿದೆವು. ಬೇರಿಂಗ್ ಎಷ್ಟು ಚೆನ್ನಾಗಿ ಕೂತಿತ್ತು ಅಂದರೆ ಬೆಲ್ಟ್ ತೆಗೆದು ಕೈಯಲ್ಲಿ ಒಂದು ಸಲ ತಳ್ಳಿದರೆ ಸುಮಾರು ಹೊತ್ತು ತಿರುಗುತ್ತಲೇ ಇರುತ್ತಿತ್ತು. ಕೊಟೇಶನ್‌ನಲ್ಲಿ ನಾನು ಬ್ರೇಕ್ ಮೋಟರ್ ಬರೆದಿದ್ದೆ. ನಮ್ಮ ಶಾಪ್‌ನ ಓನರ್ ಅದನ್ನು ಹೊಡೆದುಹಾಕಿದರು. ವಿಎಫ್‌ಡಿ ನಿಲ್ಲಿಸುತ್ತೆ ಅಲ್ವಾ, ಮತ್ತೆ ಬ್ರೇಕ್ ಯಾಕೆ ಅಂದರು. ಆಗ ನಾನು ಜಾಸ್ತಿ ವಾದ ಮಾಡಲಿಲ್ಲ.

ಪ್ರದರ್ಶನದ ದಿನ ಹೋಗಿ ನೋಡಿದರೆ ಚಕ್ರ ಶಾಮಿಯಾನದ ಸ್ಟೇಜ್ ಮೇಲೆ ಕೂತಿತ್ತು. ನೆಲದ ಮೇಲೆ ಇಡಿ ಎಂದು ಹೇಳಿದ್ದೆ. ಅತಿಥಿಗಳಿಗೆ ಕಾಣಲ್ಲ ಅಂತ ಡ್ರಮ್‌ಗಳ ಮೇಲೆ ಹಲಗೆ ಹಾಸಿದ ಸ್ಟೇಜ್‌ಗೆ ಎತ್ತಿಬಿಟ್ಟಿದ್ದರು. 35ರಲ್ಲಿ ಓಡಿಸಿ ನೋಡಿದೆವು, ಅಲುಗಲಿಲ್ಲ. ಸರಿ ಅಂತ ಬಿಟ್ಟೆ.

ಕಾರ್ಯಕ್ರಮದ ನಡುವೆ ಎರಡು ವಿಷಯ ಒಟ್ಟಿಗೇ ಆದವು. ಅತಿಥಿಗಳು ಹೂವಿನ ಎಸಳು ಹಾಕಲಿ ಅಂತ ಸ್ವಯಂಸೇವಕರೊಬ್ಬರು ಒಂದು ಟ್ಯಾಂಕಿನ ಮುಚ್ಚಳ ಬಿಚ್ಚಿ, ಹಾಕಿಸಿ, ಹಾಗೇ ಬಿಟ್ಟರು. ಚಕ್ರ ಶುರುವಾದ ಮೇಲೆ ಸಂಘಟಕರು ಪ್ಯಾನಲ್ ಹತ್ತಿರ ಬಂದು ‘ಇನ್ನೂ ಸ್ವಲ್ಪ ಜೋರು ಮಾಡಿ, ಹಿಂದಿನವರಿಗೆ ಗಮ್ಮತ್ತು ಸಿಗ್ತಿಲ್ಲ’ ಎಂದು ತಾವೇ ನಾಬ್ ತಿರುಗಿಸಿಬಿಟ್ಟರು. ನಾಬ್‌ಗೆ ಬೀಗದಂಥ ಪ್ಯಾರಾಮೀಟರ್ ಲಾಕ್ ಇರಲಿಲ್ಲ. 40, 45. ಡಿಸ್‌ಪ್ಲೇ 50 ಹತ್ತಿರ ಬಂದಾಗ ಇಡೀ ಸ್ಟೇಜ್ ಒಮ್ಮೆ ಓಲಾಡಿತು. ಹಲಗೆಯ ಸ್ಟೇಜ್ ತಾನಾಗಿ ತೂಗುವ ತಾಳಕ್ಕೆ ಚಕ್ರದ ವೇಗ ಅಲ್ಲಿ ಸರಿಯಾಗಿ ಕೂಡುತ್ತಿತ್ತು. ದಾಟಿ 60ಕ್ಕೆ ಹೋದ ಮೇಲೆ ಮತ್ತೆ ಮೆತ್ತಗಾಯಿತು. ಜನ ಚಪ್ಪಾಳೆ ತಟ್ಟಿದರು.

60ರಲ್ಲಿ ಅಂಚಿನ ಎಳೆತ 3 ಪಟ್ಟು. ಮುಚ್ಚಳವಿಲ್ಲದ ಟ್ಯಾಂಕಿನ ನೀರು ಅಷ್ಟೂ ಹಾರಿ ಮುಂದಿನ ಸಾಲಿನ ಮೇಲೆ ಬಿತ್ತು. ಎಲ್ಲರೂ ನಕ್ಕರು. ನನಗೆ ಹೊಟ್ಟೆಯೊಳಗೆ ತಣ್ಣಗಾಯಿತು. ಎದುರಿನ ಟ್ಯಾಂಕಿನಲ್ಲಿ ಎರಡು ಲೀಟರ್ ನೀರು ಹಾಗೇ ಇತ್ತು. ಅಂದರೆ ಆ ವೇಗದಲ್ಲಿ ಸುಮಾರು ಆರು ಕೆಜಿಯ ಎಳೆತ, ಪ್ರತಿ ಸುತ್ತಿಗೂ ದಿಕ್ಕು ಬದಲಿಸುತ್ತ, ಹಲಗೆಯ ಸ್ಟೇಜನ್ನು ತಳ್ಳುತ್ತಿತ್ತು. ಸ್ಟಾಪ್ ಬಟನ್ ಕಡೆ ಕೈ ಚಾಚಿದೆ. ರ‍್ಯಾಂಪ್ ಡೌನ್, ಅಂದರೆ ವೇಗ ಇಳಿಸಿ ನಿಲ್ಲಿಸುವ ಹೊತ್ತು, 10 ಸೆಕೆಂಡಿಗೆ ಇಟ್ಟಿದ್ದೆ, ಬೇಗ ನಿಲ್ಲುತ್ತಿತ್ತು.

ಆಗ ಕರೆಂಟ್ ಹೋಯಿತು.

ಒಂದು ಕ್ಷಣ ನನಗೆ ಸಮಾಧಾನವೇ ಆಯಿತು, ಇನ್ನು ತಾನಾಗಿ ನಿಲ್ಲುತ್ತದೆ ಅಂತ. ನಮ್ಮ ಹಿರಿಯ ಫಿಟ್ಟರ್ ಹಿಂದಿನಿಂದ ಹೇಳಿದ್ದು ಒಂದೇ ಮಾತು: ‘ಸಾರ್, ಐವತ್ತು ಮತ್ತೆ ಬರ್ತದೆ.’

ಅದು ನನಗೆ ಹೊಳೆದಿರಲಿಲ್ಲ. ಮೇಲೆ ಹೋಗುವಾಗ 50ನ್ನು ಮೋಟರ್ ಬಲದಲ್ಲಿ ಎರಡೇ ಸೆಕೆಂಡಿನಲ್ಲಿ ದಾಟಿದ್ದೆವು. ಆಗ ನಾಲ್ಕೂ ಟ್ಯಾಂಕ್ ತುಂಬಿದ್ದವು. ಈಗ ಒಂದು ಖಾಲಿ. ಬ್ರೇಕ್ ಇಲ್ಲ. ನಾವೇ ಹೆಮ್ಮೆಯಿಂದ ಕೂರಿಸಿದ ಬೇರಿಂಗ್, ಬಹಳ ನಿಧಾನಕ್ಕೆ ವೇಗ ಬಿಡುತ್ತದೆ. ಅಂದರೆ ಸ್ಟೇಜ್ ಓಲಾಡುವ ಆ ವೇಗದಲ್ಲೇ ಚಕ್ರ ತುಂಬ ಹೊತ್ತು ಉಳಿಯುತ್ತದೆ. ಸುತ್ತ ಮಕ್ಕಳು ಸ್ಟೇಜಿಗೆ ಒರಗಿ ನಿಂತಿದ್ದರು. ಟೀಚರ್ ಒಬ್ಬರು ನನ್ನ ಮುಖ ನೋಡಿಯೇ ಅವರನ್ನು ಹಿಂದಕ್ಕೆ ಎಳೆಯತೊಡಗಿದರು. ಡಿಸ್‌ಪ್ಲೇ ಸತ್ತಿತ್ತು. ಮಬ್ಬು ಬೆಳಕಿನಲ್ಲಿ ಕೆಂಪು ಟ್ಯಾಂಕ್ ಒಂದೊಂದು ಸಲ ಎದುರು ಬಂದಾಗ ಎಣಿಸಿದೆ. 10 ಸೆಕೆಂಡಿಗೆ 9 ಸುತ್ತು, ಅಂದರೆ 54. ಹಲಗೆ ಕಿರುಗುಟ್ಟತೊಡಗಿತು. ಪ್ಯಾನಲ್ ಮೇಲಿದ್ದ ಸ್ಪ್ಯಾನರ್ ಜಾರಿ ಬಿತ್ತು.

ಫಿಟ್ಟರ್ ಅಷ್ಟರಲ್ಲಿ ಶಾಮಿಯಾನದ ಬೇಲಿಯಿಂದ ಒಂದು ಅಡಿಕೆ ದಬ್ಬೆ ಕಿತ್ತು ತಂದಿದ್ದರು. ಅದನ್ನು ಕೆಳಗಿನ ಪುಲ್ಲಿಗೆ ಒತ್ತಿ ಹಿಡಿದರು. ನಾನೂ ಇನ್ನೊಂದು ತುದಿ ಹಿಡಿದೆ. ಜೋರಾಗಿ ಒತ್ತಿದರೆ ಚಕ್ರ ಥಟ್ಟನೆ ನಿಂತು ಟ್ಯಾಂಕ್‌ಗಳು ಕಿತ್ತು ಹಾರುತ್ತವೆ. ಮೆತ್ತಗೆ ಒತ್ತಿದರೆ ಆ ಓಲಾಟದೊಳಗೇ ಸಿಕ್ಕಿಬೀಳುತ್ತೇವೆ. ದಬ್ಬೆ ಹೊಗೆಯಾಡಿತು. ಸ್ಟೇಜ್ ಎಡಕ್ಕೆ ಬಲಕ್ಕೆ ದೊಡ್ಡದಾಗಿ ತೂಗಿತು, ಒಂದು ಟ್ಯಾಂಕಿನ ಕ್ಲ್ಯಾಂಪ್ ಮುರಿಯಿತು. ಆಮೇಲೆ ತೂಗಾಟ ಇಳಿಯಿತು, ಚಕ್ರ ನಿಂತಿತು. ಯಾರಿಗೂ ಏನೂ ಆಗಲಿಲ್ಲ.

ಜನರೇಟರ್ ಬರುವ ತನಕ ಎಲ್ಲರೂ ಕತ್ತಲಲ್ಲೇ ಇದ್ದೆವು. ಆಗ ಒಬ್ಬಳು ಹುಡುಗಿ ಕೇಳಿದಳು: ‘ಆ ಊರಲ್ಲಿ ಹೀಗೆ ಕರೆಂಟ್ ಹೋದ್ರೆ ಜನ ತೇಲಿಬಿಡ್ತಾರಾ?’

ಆ ದಿನ ಬಂದ ಪ್ರಶ್ನೆಗಳಲ್ಲಿ ಇದೇ ಅತ್ಯುತ್ತಮ. ಇಲ್ಲ, ತೇಲುವುದಿಲ್ಲ. ಅಲ್ಲಿ ಬೇರಿಂಗಿನ ತಿಕ್ಕಾಟ ಇಲ್ಲ, ಗಾಳಿ ಇಲ್ಲ. ಒಮ್ಮೆ ರಾಕೆಟ್ ತಳ್ಳಿ ತಿರುಗಿಸಿದರೆ ತಿರುಗುತ್ತಲೇ ಇರುತ್ತದೆ. ದೀಪ ಹೋಗಬಹುದು, ಫ್ಯಾನ್ ನಿಲ್ಲಬಹುದು, ತೂಕ ಹೋಗುವುದಿಲ್ಲ. ಆದರೆ ಇದೇ ಕಾರಣಕ್ಕೆ ಬೇಡವಾದ ತಿರುಗಾಟವೂ ತಾನಾಗಿ ನಿಲ್ಲುವುದಿಲ್ಲ. 1966ರ ಮಾರ್ಚ್‌ನಲ್ಲಿ ಅಮೆರಿಕದ ಜೆಮಿನಿ 8 ನೌಕೆಯ ಒಂದು ಥ್ರಸ್ಟರ್, ಅಂದರೆ ನೌಕೆಯನ್ನು ತಿರುಗಿಸುವ ಪುಟ್ಟ ರಾಕೆಟ್, ತೆರೆದೇ ಉಳಿದು, ನೌಕೆ ಸೆಕೆಂಡಿಗೆ ಸುಮಾರು ಒಂದು ಸುತ್ತಿನಂತೆ ಉರುಳಿತು. ನೀಲ್ ಆರ್ಮ್‌ಸ್ಟ್ರಾಂಗ್ ಭೂಮಿಗೆ ಇಳಿಯಲು ಇಟ್ಟಿದ್ದ ಬೇರೆ ಥ್ರಸ್ಟರ್‌ಗಳನ್ನು ಬಳಸಿ ಅದನ್ನು ನಿಲ್ಲಿಸಿದರು, ಆ ಯಾನವೇ ಅಲ್ಲಿಗೆ ಮುಗಿಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಜೆಮಿನಿ 11ನ್ನು 30 ಮೀಟರ್ ಪಟ್ಟಿಯಿಂದ ಇನ್ನೊಂದು ನೌಕೆಗೆ ಕಟ್ಟಿ, ಬೇಕೆಂದೇ ಮೆಲ್ಲಗೆ ತಿರುಗಿಸಿದರು. ಹುಟ್ಟಿದ ಗುರುತ್ವ ಎಷ್ಟು ಕಡಿಮೆ ಅಂದರೆ ಒಳಗಿದ್ದ ಇಬ್ಬರಿಗೂ ಅದು ಗೊತ್ತಾಗಲಿಲ್ಲ. ಕೈಬಿಟ್ಟ ಕ್ಯಾಮೆರಾ ನಿಧಾನಕ್ಕೆ ಒಂದೇ ಕಡೆ ಸರಿದದ್ದರಿಂದ ತಿಳಿಯಿತು.

ಆ ಮೇಲೆ ನಾನು ಈ ವಿಷಯ ಬಿಡದೆ ಓದಿದೆ. ಓದಿದಷ್ಟೂ ನಮ್ಮ ಶಾಪ್‌ನ ಮಾತೇ ಎದುರು ಬರುತ್ತದೆ. ತಿರುಗಿಸುವುದು ಸುಲಭ, ತಿರುಗುವುದರ ಒಳಗೆ ಏನು ಅಲುಗಾಡುತ್ತದೆ ಎನ್ನುವುದರಲ್ಲೇ ಕಷ್ಟವೆಲ್ಲ ಇದೆ. 1958ರಲ್ಲಿ ಹಾರಿಸಿದ ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್ 1 ಉದ್ದನೆಯ ಕೊಳವೆ. ಅದನ್ನು ಬಾಣದಂತೆ ಉದ್ದದ ಅಕ್ಷದಲ್ಲಿ ತಿರುಗಿಸಿ ಬಿಟ್ಟರು. ಅದರ ಬಳುಕುವ ಆಂಟೆನಾಗಳು ಸ್ವಲ್ಪ ಸ್ವಲ್ಪವಾಗಿ ಶಕ್ತಿ ತಿಂದು, ಕೊಳವೆ ಅಡ್ಡಡ್ಡ ಪಲ್ಟಿ ಹೊಡೆಯತೊಡಗಿತು. ಮನೆಗೆ ಚಕ್ರದ ಆಕಾರ ಒಳ್ಳೆಯದು ಎನ್ನುವುದಕ್ಕೆ ಇದೂ ಒಂದು ಕಾರಣ. ಅಗಲವಾದ ಚಕ್ರ ತನ್ನ ಅಕ್ಷ ಬಿಟ್ಟು ಹಾಗೆ ಹೊರಳುವುದಿಲ್ಲ. ಬಾಹ್ಯಾಕಾಶದ ಊರಿಗೆ ಉದ್ದನೆಯ ಸಿಲಿಂಡರ್‌ಗಳನ್ನು ಸೂಚಿಸಿದ ಅಮೆರಿಕದ ಭೌತವಿಜ್ಞಾನಿ ಜೆರಾರ್ಡ್ ಓನೀಲ್ ಅವುಗಳನ್ನು ಜೋಡಿಯಾಗಿ, ಒಂದಕ್ಕೊಂದು ವಿರುದ್ಧ ತಿರುಗುವಂತೆ ಯೋಚಿಸಿದರು. ಇನ್ನು ಚಕ್ರದಲ್ಲಿ ಜನ ಒಂದು ಕಡೆಯಿಂದ ಇನ್ನೊಂದು ಕಡೆ ಹೋದರೆ? ಅಲ್ಲಿ ಬೋಲ್ಟ್ ಹಾಕಲು ನೆಲವಿಲ್ಲ, ಇಡೀ ಊರೇ ಓಲಾಡುತ್ತದೆ. ಅಂಚಿನ ಟ್ಯಾಂಕ್‌ಗಳ ನಡುವೆ ನೀರು ಪಂಪ್ ಮಾಡಿ ತೂಕ ಸರಿದೂಗಿಸುವುದು ಒಂದು ಉಪಾಯ. ನಮ್ಮ ಟ್ರಯಲ್ ವೇಟ್ ಕೆಲಸವನ್ನೇ ಹಗಲು ರಾತ್ರಿ ಮಾಡುತ್ತಿರಬೇಕು.

ಎಲ್ಲಕ್ಕಿಂತ ಕಠಿಣವಾದ ಟ್ಯಾಂಕ್ ಇರುವುದು ಮನುಷ್ಯನ ಕಿವಿಯಲ್ಲಿ. ಒಳಗಿವಿಯ ಅರೆವೃತ್ತ ನಾಳಗಳಲ್ಲಿ ದ್ರವ ಇದೆ. ತಿರುಗುವ ಕೋಣೆಯಲ್ಲಿ ತಲೆ ಹೊರಳಿಸಿದರೆ ಆ ದ್ರವ ಇಲ್ಲದ ದಿಕ್ಕಿಗೆ ಉರುಳುತ್ತಿದ್ದೇವೆ ಅಂತ ಮೆದುಳಿಗೆ ಹೇಳುತ್ತದೆ. ಫ್ಲೋರಿಡಾದ ಪೆನ್ಸಕೋಲಾದಲ್ಲಿ ಅಮೆರಿಕದ ನೌಕಾಪಡೆಯವರು 1950ರ ದಶಕದ ಕೊನೆಯಿಂದ ನಿಧಾನಕ್ಕೆ ತಿರುಗುವ ಕೋಣೆ ಕಟ್ಟಿ, ಜನರನ್ನು ಅದರೊಳಗೆ ಇರಿಸಿ ನೋಡಿದರು. 1 ಆರ್‌ಪಿಎಂ ಎಲ್ಲರಿಗೂ ಪರವಾಗಿಲ್ಲ. 10 ಆರ್‌ಪಿಎಂಗೆ ಒಮ್ಮೆಲೇ ಹೋದರೆ ವಾಂತಿ, ತಲೆಸುತ್ತು. ಮೆಲ್ಲಗೆ ಏರಿಸಿದರೆ ಕೆಲವರು ಒಗ್ಗಿಕೊಳ್ಳುತ್ತಾರೆ. ಕಾಲಿಗೂ ಗೊತ್ತಾಗುತ್ತದೆ. 6 ಆರ್‌ಪಿಎಂನ 25 ಮೀಟರ್ ತ್ರಿಜ್ಯದ ಚಕ್ರದಲ್ಲಿ 60 ಕೆಜಿಯವರು ತಿರುಗುವ ದಿಕ್ಕಿಗೆ ಬಿರಬಿರನೆ ನಡೆದರೆ ಸುಮಾರು 12 ಕೆಜಿ ಹೆಚ್ಚು ಭಾರ ಅನಿಸುತ್ತದೆ, ಎದುರು ದಿಕ್ಕಿಗೆ ನಡೆದರೆ ಅಷ್ಟೇ ಹಗುರ. 2 ಆರ್‌ಪಿಎಂನ ದೊಡ್ಡ ಚಕ್ರದಲ್ಲಿ ವ್ಯತ್ಯಾಸ 4 ಕೆಜಿಯೊಳಗೆ. 1975ರಲ್ಲಿ ನಾಸಾ ಮತ್ತು ಸ್ಟ್ಯಾನ್‌ಫರ್ಡ್‌ನವರು ಸೇರಿ 10,000 ಜನರ ಊರು ಯೋಚಿಸಿದಾಗ ಸುಮಾರು 1.8 ಕಿಮೀ ವ್ಯಾಸದ ಚಕ್ರ, 1 ಆರ್‌ಪಿಎಂ ಆರಿಸಿದ್ದು ಇದಕ್ಕೇ. ಮುದುಕರು, ಮಕ್ಕಳು, ಎಲ್ಲರೂ ಇರಬೇಕಲ್ಲ. ಅಂಥ ಮನೆಯಲ್ಲಿ ಮನುಷ್ಯರು ಇನ್ನೂ ಒಂದು ದಿನವೂ ಬದುಕಿಲ್ಲ. 1977ರಲ್ಲಿ ಸೋವಿಯತ್‌ನ ಕಾಸ್ಮಾಸ್ 936ರಲ್ಲಿ ಇಲಿಗಳು, 2016ರಲ್ಲಿ ಜಪಾನಿನ ಕಿಬೊ ಪ್ರಯೋಗಾಲಯದಲ್ಲಿ ಸಣ್ಣ ಜಾತಿಯ ಇಲಿಗಳು, ಹೀಗೆ ಪ್ರಾಣಿಗಳು ತಿರುಗಿವೆ, ಅಷ್ಟೇ.

ನನಗೆ ಬಹಳ ನೋವಾದದ್ದು ಒಂದು ಚಿತ್ರ ನೋಡಿ. ಬಾಹ್ಯಾಕಾಶ ನಿಲ್ದಾಣಕ್ಕೆಂದೇ 2.5 ಮೀಟರ್ ವ್ಯಾಸದ ಸೆಂಟ್ರಿಫ್ಯೂಜ್, ಅಂದರೆ ತಿರುಗಿಸಿ ತೂಕ ಹುಟ್ಟಿಸುವ ಯಂತ್ರ, ಇರುವ ಒಂದು ಕೋಣೆಯನ್ನು ಜಪಾನ್ ತಯಾರಿಸುತ್ತಿತ್ತು. ಚಂದ್ರನ ಆರನೇ ಒಂದು ಭಾಗದ ತೂಕ ಸಾಕಾ, ಮಂಗಳದ ಮೂರನೇ ಒಂದು ಭಾಗ ಬೇಕಾ, ಎಲುಬು ಎಷ್ಟಕ್ಕೆ ಉಳಿಯುತ್ತದೆ ಅಂತ ಅದರಲ್ಲಿ ಅಳೆಯಬಹುದಿತ್ತು. 2005ರಲ್ಲಿ ರದ್ದು ಮಾಡಿದರು. ಅದರ ಹೊರಮೈ ಈಗ ಜಪಾನಿನ ತ್ಸುಕುಬಾದಲ್ಲಿ ಬಯಲಿನಲ್ಲಿ ನಿಂತಿದೆ. ಕೊಟೇಶನ್‌ನಲ್ಲಿ ಗೀಟು ಎಳೆಯುವವರು ಎಲ್ಲ ಕಡೆಯೂ ಇದ್ದಾರೆ. ಅವರು ಎಳೆದ ಗೀಟಿನ ಕೆಳಗೆ ಏನಿತ್ತು ಎನ್ನುವುದು ಕೆಲಸ ಮಾಡುವವರಿಗೆ ಮಾತ್ರ ಗೊತ್ತು. ಅದನ್ನು ಆಗಲೇ, ಬರೆದು ಹೇಳಬೇಕು.

ಆ ಸಂಸ್ಥೆಯವರು ಈ ವರ್ಷವೂ ಕೇಳಿದ್ದಾರೆ. ಹೊಸ ಕೊಟೇಶನ್‌ನಲ್ಲಿ ಕರೆಂಟ್ ಹೋದರೆ ತಾನೇ ಹಿಡಿಯುವ ಬ್ರೇಕ್, ನಾಬ್‌ಗೆ ಬೀಗ, ಅಂಟು ಹಾಕಿ ಮುಚ್ಚಿದ ಟ್ಯಾಂಕ್ ಇವೆ. ಸ್ಟೇಜ್ ಮೇಲೆ ಇಡುವ ಹಾಗಿಲ್ಲ ಅಂತ ಷರತ್ತನ್ನೂ ಬರೆದಿದ್ದೇನೆ. ಕೊನೆಗೆ ಇನ್ನೊಂದು ಸಾಲು ಸೇರಿಸಿದ್ದೇನೆ: ಅಂಚಿನಲ್ಲಿ ಜಾರುವ ಒಂದು ಚಿಕ್ಕ ತೂಕ, ಹೊರಗಿನಿಂದ ಹ್ಯಾಂಡಲ್‌ನಲ್ಲಿ ಸರಿಸುವಂಥದ್ದು. ಊರಿನ ಜನ ಒಂದು ಕಡೆ ಸೇರಿದರೆ ಚಕ್ರ ಹೇಗೆ ತೂಗುತ್ತದೆ, ಎದುರು ತೂಕ ತಂದರೆ ಹೇಗೆ ಸುಮ್ಮನಾಗುತ್ತದೆ ಅಂತ ಆ ಹುಡುಗಿ ತಾನೇ ತಿರುಗಿಸಿ ನೋಡಲಿ ಅಂತ. ಬ್ರೇಕ್‌ಗೆ ಓನರ್ ಸಹಿ ಹಾಕಿದ್ದಾರೆ. ಜಾರುವ ತೂಕದ ಬಗ್ಗೆ ಇನ್ನೂ ಮಾತು ನಡೆದಿದೆ.