ಕ್ರೋನೋ ಟ್ರಿಗರ್ ಮತ್ತು ಕೈಕೊಟ್ಟ ಎಲ್ ಬಟನ್

ಸೇವ್ 0:52

ಬೇಸಿಗೆ ರಜೆಗೆ ಅಕ್ಕನ ಮಗಳು ಬಂದಿದ್ದಾಳೆ. ಆರನೇ ಕ್ಲಾಸು ಮುಗಿಸಿದ್ದಾಳೆ. ಅವಳ ನೆಪದಲ್ಲಿ ನಾನು ಸೆಕೆಂಡ್ ಹ್ಯಾಂಡ್ ಡಿಎಸ್ (ನಿಂಟೆಂಡೋ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಗೇಮ್ ಮೆಷಿನ್) ಒಂದನ್ನು ತಂದು, ಇಪ್ಪತ್ತು ವರ್ಷದ ಹಿಂದೆ ಅರ್ಧಂಬರ್ಧ ಆಡಿದ್ದ, ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಕಥೆಯ ವಿಡಿಯೋ ಗೇಮ್ ಕ್ರೋನೋ ಟ್ರಿಗರ್ ಅನ್ನು ಮತ್ತೆ ಶುರು ಮಾಡಿದೆ. ಎಲ್ಲಿಗೆ ಬಂತು ಅಂತ ಆಗಾಗ ಇಲ್ಲಿ ಬರೆದಿಡುತ್ತೇನೆ. ಮೇಲಿನ ಅಂಕಿ, ಆಟ ಸೇವ್ ಮಾಡುವ ಹೊತ್ತಿಗೆ ಆಡಿದ್ದ ಗಂಟೆ, ನಿಮಿಷ.

ಈ ಗೇಮ್ ಜಪಾನಿನಲ್ಲಿ ಬಂದದ್ದು 1995ರ ಮಾರ್ಚ್‌ನಲ್ಲಿ, ಸೂಪರ್ ಫ್ಯಾಮಿಕಾಮ್ ಎಂಬ ಟಿವಿಗೆ ಜೋಡಿಸಿ ಆಡುವ ಮೆಷಿನ್‌ಗೆ. ಫೈನಲ್ ಫ್ಯಾಂಟಸಿ ಗೇಮ್‌ಗಳ ಸಕಾಗುಚಿ, ಡ್ರ್ಯಾಗನ್ ಕ್ವೆಸ್ಟ್ ಗೇಮ್‌ಗಳ ಯೂಜಿ ಹೊರಿಯಿ, ಗೋಕು ಹೀರೋ ಆಗಿರುವ ಡ್ರ್ಯಾಗನ್ ಬಾಲ್ ಕಾಮಿಕ್ಸ್ ಬರೆದ ಅಕಿರಾ ತೋರಿಯಾಮಾ, ಮೂವರೂ ಒಂದೇ ಗೇಮಿಗೆ ಕೈಹಾಕಿದ್ದರು. ನಾನು ಈಗ ಆಡುತ್ತಿರುವುದು 2008ರಲ್ಲಿ ಡಿಎಸ್‌ಗೆ ಬಂದ ಆವೃತ್ತಿ. ಮೂಲ ಕಾರ್ಟ್ರಿಜ್ 32 ಮೆಗಾಬಿಟ್, ಅಂದರೆ ಬರೀ 4 ಎಂಬಿ. ನಮ್ಮ ಫ್ಯಾಮಿಲಿ ಗ್ರೂಪಿಗೆ ದಿನಾ ಬೆಳಿಗ್ಗೆ ಬರುವ ಗುಡ್ ಮಾರ್ನಿಂಗ್ ವಿಡಿಯೋಗಳೇ ಅದಕ್ಕಿಂತ ದೊಡ್ಡವು.

ಹೀರೋ ಕ್ರೋನೋನ ಕೆಂಪು ಚೂಪುಗೂದಲು ನೋಡಿದ್ದೇ ತಡ, ಹುಡುಗಿ "ಇವನು ಗೋಕು ತಮ್ಮನಾ ಮಾಮಾ?" ಅಂದಳು. ತೋರಿಯಾಮಾ ಕೈ ಅಂದರೆ ಹಾಗೆ. ಅವರು 2024ರಲ್ಲಿ ತೀರಿಕೊಂಡರು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಜಾತ್ರೆಗೆ ಹೋಗೋಣ" ಅಂದಳು.

ಕಥೆ ಶುರುವಾಗುವುದೇ ಜಾತ್ರೆಯಲ್ಲಿ. ಕ್ರಿ.ಶ. 1000, ಒಂದು ಪುಟ್ಟ ರಾಜ್ಯದ ಸಾವಿರದ ವರ್ಷದ ಹಬ್ಬ. ಕ್ರೋನೋ ಒಬ್ಬ ಹುಡುಗಿಗೆ ಡಿಕ್ಕಿ ಹೊಡೆಯುತ್ತಾನೆ, ಅವಳ ಕೊರಳಿನ ಪದಕ ಬೀಳುತ್ತದೆ. ಅಕ್ಕನ ಮಗಳು ಬಿದ್ದ ಹುಡುಗಿಯನ್ನು ವಿಚಾರಿಸದೆ ಮೊದಲು ಪದಕ ಎತ್ತಿಕೊಂಡಳು. ಪಕ್ಕದಲ್ಲಿ ಯಾರದೋ ಊಟದ ಗಂಟಿತ್ತು, ಅದನ್ನೂ ತಿಂದಳು. ನನಗೆ ಮುಂದಿನದು ಗೊತ್ತಿತ್ತು. ಬಾಯಿ ಬಿಡಲಿಲ್ಲ.

ಸೇವ್ 2:31

ಕೋರ್ಟ್ ಸೀನ್ ಬಂತು. ಜಾತ್ರೆಯಲ್ಲಿ ಡಿಕ್ಕಿ ಹೊಡೆಸಿಕೊಂಡ ಹುಡುಗಿ ರಾಜಕುಮಾರಿ, ಅವಳನ್ನು ಅಪಹರಿಸಿದ ಆರೋಪ ಕ್ರೋನೋ ಮೇಲೆ. ಮಂತ್ರಿಯೇ ನಿಂತು ಪಾಟೀಸವಾಲು ಮಾಡುತ್ತಾನೆ. ಇದ್ದಕ್ಕಿದ್ದಂತೆ ಜಾತ್ರೆಯ ಮುದುಕ ಸಾಕ್ಷಿಗೆ ಬಂದ: ಇವನು ನನ್ನ ಊಟ ತಿಂದ! ಹುಡುಗಿ ಬಾಯಿ ತೆರೆದವಳು ಮುಚ್ಚಲಿಲ್ಲ. "ಅದು ಇವರಿಗೆ ಹೇಗೆ ಗೊತ್ತು?" ಅವಳು ಪದಕ ಎತ್ತಿದ್ದೂ ಲೆಕ್ಕಕ್ಕೆ ಬಂತು. ಏಳು ಜನ ಜ್ಯೂರಿಗಳು ಒಬ್ಬೊಬ್ಬರಾಗಿ ಬಂದು ಆ ಕಡೆ ಈ ಕಡೆ ನಿಂತರು. ಅಪರಾಧಿ.

ನಿಜ ಹೇಳಬೇಕೆಂದರೆ ನಿರಪರಾಧಿ ಅಂತ ಬಂದರೂ ಜೈಲು ತಪ್ಪುವುದಿಲ್ಲ. ಕಥೆ ಹೋಗಬೇಕಾದ ಕಡೆಗೇ ಹೋಗುತ್ತದೆ. ಆದರೂ ಆ ಹೊತ್ತಿಗೆ ಆಟಗಾರನಿಗೆ ಒಂದು ವಿಷಯ ತಲೆಗೆ ಹೋಗಿರುತ್ತದೆ: ಈ ಗೇಮ್ ನಾನು ಮಾಡಿದ್ದನ್ನೆಲ್ಲ ನೋಡ್ತಾ ಇದೆ. ಇದು ಯಾಕೆ ಹಳತಾಗುವುದಿಲ್ಲ ಎಂದು ಕೇಳಿದರೆ ನಾನು ಮೊದಲು ತೋರಿಸುವುದು ಈ ಕೋರ್ಟನ್ನೇ. ಎಷ್ಟೋ ಹೊಸ ಗೇಮ್‌ಗಳು "ನಿಮ್ಮ ಆಯ್ಕೆ ಮುಖ್ಯ" ಎಂದು ಮೊದಲೇ ಡಂಗುರ ಸಾರುತ್ತವೆ. ಇದು ಸುಮ್ನೆ ಊಟದ ಗಂಟು ಇಟ್ಟು ದೂರ ನಿಲ್ಲುತ್ತದೆ.

ಸೇವ್ 4:05

ಸಮಸ್ಯೆ ಶುರು.

ಶತ್ರುಗಳಿಂದ ಓಡಿಹೋಗಲು ಎಲ್ ಮತ್ತು ಆರ್ ಬಟನ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿಯಬೇಕು. ನಾವು ಓಡಿಹೋಗುತ್ತಲೇ ಇರಲಿಲ್ಲ. ಹುಡುಗಿ ಧೈರ್ಯ ಅಂದುಕೊಂಡಿದ್ದಳು. ನಾನೂ ಗಮನಿಸಿರಲಿಲ್ಲ. ಈಗ ಕ್ರಿ.ಶ. 2300ಕ್ಕೆ ಬಂದಿದ್ದೇವೆ. 1999ರಲ್ಲಿ ಲಾವೋಸ್ ಎಂಬ ದೈತ್ಯ ಜೀವಿ ನೆಲ ಒಡೆದು ಎದ್ದು ಜಗತ್ತನ್ನು ಸುಟ್ಟಿದೆ. ಉಳಿದವರು ಗುಮ್ಮಟಗಳೊಳಗೆ ಹಸಿದು ಕೂತಿದ್ದಾರೆ. ಅಲ್ಲಿ ಒಂದು ಇಲಿಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿದರೆ ಬಾಗಿಲು ತೆರೆಯುವ ಗುಟ್ಟು ಹೇಳುತ್ತದೆ: ಎಲ್ ಮತ್ತು ಆರ್ ಹಿಡಿದು ಎ ಒತ್ತು.

ಒತ್ತಿದೆವು. ಏನೂ ಇಲ್ಲ. ಇಪ್ಪತ್ತು ಸಲ ಒತ್ತಿದೆವು. ಎಲ್ ಬಟನ್ ಸತ್ತಿತ್ತು.

ಹದಿನೈದು ವರ್ಷ ಯಾರ್ಯಾರದೋ ಕೈಯಲ್ಲಿ ಸವೆದ ಮೆಷಿನ್, ಸಂದಿಯಲ್ಲಿ ಧೂಳು ಕೂತಿದೆ. ಬಿಚ್ಚೋಣ ಅಂದರೆ ಮೂರು ಕಾಲಿನ ವಿಚಿತ್ರ ಸ್ಕ್ರೂ, ನನ್ನ ಬಳಿ ಅದಕ್ಕೆ ತಕ್ಕ ಸ್ಕ್ರೂಡ್ರೈವರ್ ಇಲ್ಲ. ಇದ್ದರೂ ಧೈರ್ಯ ಇಲ್ಲ. ಬಟನ್ ಸಂದಿಗೆ ಬಾಯಿಟ್ಟು ಜೋರಾಗಿ ಊದಿದೆ. ಎರಡು ಸಲ ಕೆಲಸ ಮಾಡಿ ಮತ್ತೆ ಮಲಗಿತು. ಕೊನೆಗೆ ಮೊಬೈಲ್ ರಿಪೇರಿ ಅಂಗಡಿಯಿಂದ ಚಿಕ್ಕ ಸೀಸೆಯಲ್ಲಿ ಐಪಿಎ ತಂದೆ, ಬೋರ್ಡ್ ತೊಳೆಯುವ ಸ್ಪಿರಿಟ್. ಬ್ಯಾಟರಿ ತೆಗೆದು, ಬಟನ್ ಸಂದಿಗೆ ಒಂದೇ ಹನಿ. ಆಮೇಲೆ ನೂರು ಸಲ ಟಕಟಕ ಒತ್ತುವುದು. ಎಣಿಸಿದ್ದು ಅವಳು, ಒತ್ತಿದ್ದು ನಾನು. ಒಣಗಲು ರಾತ್ರಿಯಿಡೀ ಬಿಟ್ಟೆವು.

ಬೆಳಿಗ್ಗೆ ಹಲ್ಲುಜ್ಜದೆ ಬಂದು ಬಾಗಿಲು ತೆರೆದಳು.

ಸೇವ್ 8:47

ಫ್ರಾಗ್ ತಂಡಕ್ಕೆ ಕಾಯಂ ಆಗಿ ಸೇರಿದ. ಶಾಪದಿಂದ ಕಪ್ಪೆಯಾದ ವೀರ. ನಾನು ಕಾಲೇಜಿನಲ್ಲಿ ಎಮ್ಯುಲೇಟರ್‌ನಲ್ಲಿ (ಹಳೇ ಗೇಮ್‌ಗಳನ್ನು ಕಂಪ್ಯೂಟರಿನಲ್ಲಿ ಓಡಿಸುವ ಸಾಫ್ಟ್‌ವೇರ್) ಆಡುವಾಗ ಇವನು ಶೇಕ್ಸ್‌ಪಿಯರ್ ಕಾಲದ ಇಂಗ್ಲಿಷ್ ಮಾತಾಡುತ್ತಿದ್ದ. ಅದು ಅನುವಾದಕ ಟೆಡ್ ವೂಲ್ಸಿಯ ಕೈಚಳಕ, ಜಪಾನಿ ಮೂಲದಲ್ಲಿ ಆ ಠೀವಿ ಇಲ್ಲ. ಡಿಎಸ್ ಆವೃತ್ತಿಯಲ್ಲಿ ಅದನ್ನು ಕಿತ್ತುಹಾಕಿದ್ದಾರೆ. ನನಗೆ ಬೇಜಾರಾಯಿತು. ಹಾಗಾಗಿ ಅವನ ಮಾತನ್ನೆಲ್ಲ ನಾನು ಕಂಪನಿ ನಾಟಕದ ಧಾಟಿಯಲ್ಲಿ ಓದಿ ಹೇಳುತ್ತಿದ್ದೇನೆ. "ಎಲೈ ದುರುಳನೇ, ಈ ಖಡ್ಗಕ್ಕೆ ಉತ್ತರ ಕೊಡು!" ಅಡುಗೆಮನೆಯಿಂದ ಅಮ್ಮ ಇಣುಕಿ ನೋಡಿ ಹೋದರು.

ಜಗಳದ ಬಗ್ಗೆ ಒಂದು ಮಾತು. ಆ ಕಾಲದ ಇಂಥ ಗೇಮ್‌ಗಳಲ್ಲಿ ನಾಲ್ಕು ಹೆಜ್ಜೆ ನಡೆದರೆ ಪರದೆ ಗಿರ್ರನೆ ತಿರುಗಿ ಬೇರೆ ಜಾಗದಲ್ಲಿ ಜಗಳ ಶುರು. ಇಲ್ಲಿ ಶತ್ರು ಹೆಚ್ಚಾಗಿ ಕಣ್ಣೆದುರೇ ಓಡಾಡುತ್ತಿರುತ್ತಾನೆ, ನಿಂತ ಜಾಗದಲ್ಲೇ ಕತ್ತಿ ಹಿರಿಯುತ್ತೇವೆ. ಕ್ರೋನೋ ಮತ್ತು ಫ್ರಾಗ್ ಇಬ್ಬರೂ ಎರಡು ಕಡೆಯಿಂದ ಅಡ್ಡ ಕೊಯ್ದು ಹೋಗುವ ಜೋಡಿ ಹೊಡೆತ ಒಂದಿದೆ. ಮೂರು ದಿನದಿಂದ ಅವಳಿಗೆ ಬೇರೆ ಹೊಡೆತವೇ ಬೇಡ.

ಸೇವ್ 13:20

ಸಾಗರದಡಿಯ ಅರಮನೆ. ಕ್ರೋನೋ ಸತ್ತ.

ಹುಡುಗಿ ಗೇಮ್ ಓವರ್ ಅಂದುಕೊಂಡಳು. ಅಲ್ಲ. ಉಳಿದವರನ್ನಿಟ್ಟುಕೊಂಡು ಆಟ ಮುಂದೆ ಹೋಗುತ್ತದೆ. ಬೇಕಾದರೆ ಅವನನ್ನು ಬದುಕಿಸಬಹುದು, ಬೇಡ ಅಂದರೆ ಅವನಿಲ್ಲದೆಯೇ ಲಾವೋಸ್ ಎದುರು ನಿಲ್ಲಬಹುದು. ಅವಳು ಆವತ್ತು ಮಧ್ಯಾಹ್ನ ಡಿಎಸ್ ಮುಟ್ಟಲಿಲ್ಲ.

ಆ ಹೊತ್ತಿನಲ್ಲಿ ನಾನು ಹಾಡು ಕೇಳುತ್ತಾ ಕೂತೆ. ಯಾಸುನೊರಿ ಮಿತ್ಸುದ ಆಗ ಸ್ಕ್ವೇರ್ ಕಂಪನಿಯಲ್ಲಿ ಸದ್ದು ಕೂಡಿಸುವ ಕೆಲಸದಲ್ಲಿದ್ದವರು. ಸಂಗೀತ ಮಾಡಲು ಬಿಡದಿದ್ದರೆ ಕೆಲಸ ಬಿಡುತ್ತೇನೆ ಎಂದಾಗ ಸಕಾಗುಚಿ ಈ ಗೇಮ್ ಕೊಟ್ಟರು. ಮಾಡಿ ಮಾಡಿ ಹೊಟ್ಟೆಹುಣ್ಣು ಬಂತು. ಉಳಿದ ಹಾಡುಗಳನ್ನು ನೊಬುವೊ ಉಯೆಮಾತ್ಸು ಮುಗಿಸಿಕೊಟ್ಟರು. ಕ್ರಿ.ಶ. 600ರ ಬಯಲಿನಲ್ಲಿ ಬರುವ ಹಾಡು ಕೇಳಿದರೆ ನನಗೆ ಈಗಲೂ ಹಾಸ್ಟೆಲ್ ಕೋಣೆಯ ಫ್ಯಾನ್ ನೆನಪಾಗುತ್ತದೆ.

ಸೇವ್ 17:38

ಕ್ರೋನೋ ವಾಪಸ್. ಈಗ ಮಾಂಸದ ಕಥೆ.

ಸೂರ್ಯಶಿಲೆ ಮಾಡಲು ಒಂದು ಕಲ್ಲನ್ನು ಆದಿಕಾಲದ ಗುಹೆಯಲ್ಲಿ ಇಟ್ಟು ಬರಬೇಕು, ಆರೂವರೆ ಕೋಟಿ ವರ್ಷ ಬಿಸಿಲು ಕುಡಿಯಲಿ ಅಂತ. 1000ಕ್ಕೆ ಬಂದು ನೋಡಿದರೆ ಕಲ್ಲು ಇಲ್ಲ. ಪೋರೆ ಊರಿನ ಮೇಯರ್ ಹೊಡೆದುಕೊಂಡಿದ್ದಾನೆ. ಮಹಾ ಜಿಪುಣ, ಕೊಡುವುದಿಲ್ಲ. ಕತ್ತಿಯಿಂದ ಆಗುವ ಕೆಲಸವಲ್ಲ. ಅದೇ ಊರಿನ ಹೋಟೆಲಿನಲ್ಲಿ 9,900 ಗೋಲ್ಡ್ ಕೊಟ್ಟು ಒಣಮಾಂಸ ಕೊಳ್ಳಬೇಕು. ಅದನ್ನು 400 ವರ್ಷ ಹಿಂದೆ ಹೋಗಿ, ಆ ಮೇಯರ್‌ನ ಮನೆತನದ ಪೂರ್ವಜ ಹೆಂಗಸೊಬ್ಬಳಿಗೆ ಸುಮ್ನೆ ಕೊಡಬೇಕು. ದುಡ್ಡು ತಗೊಂಡರೆ ಕೆಟ್ಟಿತು. ಪುಕ್ಕಟೆ ಕೊಟ್ಟರೆ ಅವಳು ಮಕ್ಕಳಿಗೆ ಹಂಚಿ ತಿನ್ನುವುದನ್ನು ಕಲಿಸುತ್ತಾಳೆ. 1000ಕ್ಕೆ ವಾಪಸ್ ಬಂದರೆ ಮೇಯರ್ ಧಾರಾಳಿ, ಕಲ್ಲನ್ನು ಕೈಗೇ ಕೊಡುತ್ತಾನೆ.

"9,900 ದಂಡ ಅಲ್ವಾ ಮಾಮಾ?" ಅಂದಳು ಮೊದಲು. ಮೇಯರ್ ನಕ್ಕು ಮಾತಾಡಿದ ಮೇಲೆ ಆ ಮಾತು ಎತ್ತಲಿಲ್ಲ.

ಸೇವ್ 19:02

ಮರುಭೂಮಿಯನ್ನು ಕಾಡು ಮಾಡಲು ನಮ್ಮ ತಂಡದ ರೋಬೋಟ್ ರೋಬೋನನ್ನು 600ರಲ್ಲಿ ಬಿಟ್ಟೆವು. ಹಾರುವ ಯಂತ್ರ ಹತ್ತಿ 1000ಕ್ಕೆ ಬಂದೆವು, ನಮಗೆ ಹತ್ತು ಸೆಕೆಂಡ್. ಅವನಿಗೆ 400 ವರ್ಷ. ಕಾಡಿನ ನಡುವೆ ಗುಡಿಯಲ್ಲಿ ನಿಂತು ಹೋಗಿದ್ದ. ಯಂತ್ರಗಳಲ್ಲಿ ಪಳಗಿದ ಕ್ರೋನೋನ ಗೆಳತಿ ಲುಕ್ಕಾ ರಿಪೇರಿ ಮಾಡಿದಳು. ರಾತ್ರಿ ಬೆಂಕಿ ಸುತ್ತ ಎಲ್ಲರೂ ಮಲಗಿದ ಮೇಲೆ ಲುಕ್ಕಾ ಒಬ್ಬಳೇ ಎದ್ದು ತನ್ನ ಬಾಲ್ಯಕ್ಕೆ ಹೋಗುತ್ತಾಳೆ. ಅಮ್ಮ ಲಾರಾಳ ಬಟ್ಟೆ ಯಂತ್ರಕ್ಕೆ ಸಿಕ್ಕಿಕೊಂಡು ಕಾಲು ಹೋದ ದಿನಕ್ಕೆ. ಯಂತ್ರ ನಿಲ್ಲಿಸುವ ಪಾಸ್‌ವರ್ಡ್ ಆ ಅಮ್ಮನ ಹೆಸರೇ: ಎಲ್, ಎ, ಆರ್, ಎ. ಬಟನ್‌ಗಳಲ್ಲಿ ಒತ್ತಬೇಕು, ಬೇಗ.

ಕಾಲೇಜಿನಲ್ಲಿ ನಾನು ಇಲ್ಲಿ ಸೋತಿದ್ದೆ. ಪಾಸ್‌ವರ್ಡ್ ಗೊತ್ತಿತ್ತು. ಆದರೆ ಗಾಬರಿಯಲ್ಲಿ ಕೀಬೋರ್ಡಿನ ಅಕ್ಷರಗಳನ್ನೇ ಒತ್ತಿಬಿಟ್ಟೆ. ಎಮ್ಯುಲೇಟರ್‌ನಲ್ಲಿ ಎಲ್ ಬಟನ್ ಇದ್ದದ್ದು ಬೇರೆ ಯಾವುದೋ ಕೀಲಿಯಲ್ಲಿ. ಲಾರಾ ಕಿರುಚಿದಳು. ಮತ್ತೆ ಲೋಡ್ ಮಾಡಬಹುದಿತ್ತು. ಮಾಡಲಿಲ್ಲ, ಕಂಪ್ಯೂಟರ್ ಆಫ್ ಮಾಡಿ ಊಟಕ್ಕೆ ಹೋದೆ. ಆಮೇಲೆ ಆ ಆಟವನ್ನು ಮುಗಿಸಲೇ ಇಲ್ಲ.

ಈ ಸಲ ಡಿಎಸ್ ಅನ್ನು ಅವಳ ಕೈಗೆ ಕೊಟ್ಟೆ. ಕೊಡುವ ಮೊದಲು ಎಲ್ ಸಂದಿಗೆ ಒಮ್ಮೆ ಊದಿದೆ. ಟಕ್. ಟಕ್. ಟಕ್. ಟಕ್. ಯಂತ್ರ ನಿಂತಿತು.

ಮನೆಗೆ ಹೋಗಿ ನೋಡಿದರೆ ಲಾರಾ ನಡೆದಾಡುತ್ತಿದ್ದಾಳೆ. ಹುಡುಗಿ ಅವಳ ಹತ್ತಿರ ಎರಡು ಸಲ ಮಾತಾಡಿಸಿದಳು. ನಾನು ಇನ್ನೂ ಒಂದು ಸಲ ಮಾತಾಡಿಸು ಅಂದೆ.

ಸೇವ್ 19:40

ಎಲ್ ಮತ್ತೆ ಮುಷ್ಕರ ಹೂಡಿದೆ. ಸೀಸೆಯಲ್ಲಿ ಐಪಿಎ ಅರ್ಧ ಉಳಿದಿದೆ. ರಜೆ ಇನ್ನು ಒಂಬತ್ತು ದಿನ, ಲಾವೋಸ್ ಬಾಕಿ. ಮುಗಿದ ಮೇಲೆ ನ್ಯೂ ಗೇಮ್ ಪ್ಲಸ್ ಇದೆ, ಗಳಿಸಿದ್ದನ್ನೆಲ್ಲ ಇಟ್ಟುಕೊಂಡು ಮತ್ತೆ ಜಾತ್ರೆಯಿಂದ ಶುರು ಮಾಡಬಹುದು ಎಂದೆ. ಈ ಸಲ ಊಟದ ಗಂಟು ಮುಟ್ಟುವುದಿಲ್ಲವಂತೆ.