ಹ್ರಾಸ್ತೋವ್ಲೆ ಚರ್ಚ್ ನೋಡಲು ಹೊರಟವರಿಗೆ

ಸ್ಲೊವೇನಿಯಾಕ್ಕೆ ಹೋದವರು ಸಾಮಾನ್ಯವಾಗಿ ಬ್ಲೆಡ್ ಸರೋವರ, ಪೋಸ್ಟೊಯ್ನಾ ಗುಹೆ ನೋಡಿ ವಾಪಸ್ ಬರುತ್ತಾರೆ. ನಾವೂ ಹಾಗೇ ಮಾಡುವವರಿದ್ದೆವು. ಅರ್ಧ ದಿನ ಉಳಿಯಿತು ಅಂತ ಹ್ರಾಸ್ತೋವ್ಲೆ ಅನ್ನುವ ಸಣ್ಣ ಹಳ್ಳಿಗೆ ಹೋದೆವು. ಈಗ ಯಾರಾದರೂ ಕೇಳಿದರೆ ಮೊದಲು ಆ ಊರಿನ ಹೆಸರೇ ಬಾಯಿಗೆ ಬರುತ್ತದೆ.

ರಾಜಧಾನಿ ಲುಬ್ಲಿಯಾನಾದಿಂದ ಕೋಪರ್ ಕಡೆಗೆ ಹೆದ್ದಾರಿಯಲ್ಲಿ ಒಂದು ಗಂಟೆ ಚಿಲ್ಲರೆ ದಾರಿ. ಬಸ್ಸು, ರೈಲು ನೆಚ್ಚಿಕೊಳ್ಳಬೇಡಿ, ಕಾರೇ ವಾಸಿ. ಪಕ್ಕದ ಇಟಲಿಯಲ್ಲಿ ಕಾರು ಬಾಡಿಗೆಗೆ ಹಿಡಿದರೆ ಸ್ಲೊವೇನಿಯಾದ ಇ-ವಿನ್ಯೆಟ್, ಅಂದರೆ ಹೆದ್ದಾರಿ ಶುಲ್ಕ, ಕಟ್ಟಿದ್ದಾರಾ ಅಂತ ಮೊದಲೇ ಕೇಳಿ. ಇಲ್ಲದಿದ್ದರೆ ದಂಡ ಜೋರು.

ಚರ್ಚ್ ಇರುವುದು ಹಳ್ಳಿಯ ಪಕ್ಕದ ಸಣ್ಣ ಗುಡ್ಡದ ಮೇಲೆ. ದೂರದಿಂದ ನೋಡಿದರೆ ಕೋಟೆ ಅನ್ನಿಸುತ್ತದೆ. 16ನೇ ಶತಮಾನದಲ್ಲಿ ತುರ್ಕರ ದಾಳಿಗೆ ಹೆದರಿ ಸುತ್ತ ಎತ್ತರದ ಕಲ್ಲಿನ ಗೋಡೆ ಎಬ್ಬಿಸಿದರು. ಹಾಗಾಗಿ ಹೊರಗಿನಿಂದ ಕಾಣುವುದು ಗಂಟೆ ಗೋಪುರ ಮಾತ್ರ. ಗೋಡೆ ದಾಟಿದರೆ, ಇಷ್ಟೇನಾ ಅನ್ನುವಷ್ಟು ಪುಟ್ಟ ಕಲ್ಲಿನ ಕಟ್ಟಡ.

ನಾವು ಹೋದಾಗ ಬಾಗಿಲಿಗೆ ಬೀಗ. ಕೀ ಇಟ್ಟುಕೊಂಡಿದ್ದವರು ಊಟಕ್ಕೆ ಹೋಗಿದ್ದರು. ಬಿಸಿಲಲ್ಲಿ ಮುಕ್ಕಾಲು ಗಂಟೆ ಕಾದೆವು. ತೆರೆಯುವ ಸಮಯ ವಿಚಾರಿಸಿಕೊಂಡೇ ಹೊರಡಿ. ಟಿಕೆಟ್‌ಗೆ ಚಿಲ್ಲರೆ ಯೂರೋ ಇರಲಿ.

ಒಳಗೆ ಹೋದ ತಕ್ಷಣ ಫೋನ್ ತೆಗೆಯಬೇಡಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ. ಆಮೇಲೆ ಒಂದೊಂದೇ ಕಾಣತೊಡಗುತ್ತದೆ. ಗೋಡೆ, ಕಮಾನು, ಛಾವಣಿ, ಎಲ್ಲೂ ಅಂಗೈ ಅಗಲ ಜಾಗ ಬಿಟ್ಟಿಲ್ಲ, ಬರೀ ಚಿತ್ರ. ಕಸ್ತಾವ್ ಊರಿನ ಯಾನೆಜ್ ಅನ್ನುವ ಚಿತ್ರಕಾರ 1490ರಲ್ಲಿ ಮುಗಿಸಿದ ಕೆಲಸವಿದು. ನೆತ್ತಿಯ ಮೇಲೆ ಸೃಷ್ಟಿಯ ಕಥೆ. ಪಕ್ಕದ ಛಾವಣಿಯಲ್ಲಿ ಹನ್ನೆರಡು ತಿಂಗಳು, ಯಾವ ತಿಂಗಳಲ್ಲಿ ಏನು ಕೆಲಸ ಅನ್ನುವುದು. ಓದು ಬಾರದ ರೈತರಿಗೆ ಇದೇ ಪುಸ್ತಕ ಮತ್ತು ಪಂಚಾಂಗ, ಅಲ್ವಾ? ಇಷ್ಟೆಲ್ಲದರ ಮೇಲೆ ಆಮೇಲಿನವರು ಸುಣ್ಣ ಬಳಿದುಬಿಟ್ಟಿದ್ದರು. 1949ರಲ್ಲಷ್ಟೇ ಮತ್ತೆ ಸಿಕ್ಕವು. ನಮ್ಮ ಎಷ್ಟು ಗುಡಿಗಳ ಕಂಬಗಳಿಗೂ ಹೀಗೇ ಸುಣ್ಣ ಹೊಡೆದಿದ್ದಾರೆ!

ನಿಮ್ಮ ಸಮಯ ಹೆಚ್ಚು ಕೊಡಬೇಕಾದದ್ದು ದಕ್ಷಿಣದ ಗೋಡೆಗೆ. ಅಲ್ಲಿರುವುದು ಸಾವಿನ ಕುಣಿತ. ತೆರೆದ ಗುಂಡಿಯ ಪಕ್ಕ ಒಂದು ಅಸ್ಥಿಪಂಜರ ಸಿಂಹಾಸನ ಹಾಕಿಕೊಂಡು ಕೂತಿದೆ. ಅದರ ಕಡೆಗೆ ಹನ್ನೊಂದು ಜನರ ಸಾಲು. ಒಬ್ಬೊಬ್ಬರ ಕೈ ಹಿಡಿದು ಒಂದೊಂದು ಅಸ್ಥಿಪಂಜರ ಕರೆದುಕೊಂಡು ಬರುತ್ತಿದೆ. ಗುಂಡಿಗೆ ಎಲ್ಲರಿಗಿಂತ ಹತ್ತಿರ ಇರುವವನು ಪೋಪ್! ಹಿಂದೆ ರಾಜ, ರಾಣಿ, ಬಿಷಪ್, ಸನ್ಯಾಸಿ, ಊರುಗೋಲಿನ ಭಿಕ್ಷುಕ. ಒಬ್ಬ ವ್ಯಾಪಾರಿ ದುಡ್ಡಿನ ಚೀಲಕ್ಕೆ ಕೈ ಹಾಕಿದ್ದಾನೆ. ಅಮ್ಮ ಅದನ್ನು ನೋಡಿ, “ಯಮನಿಗೂ ಲಂಚ ಕೊಡೋಕೆ ಹೊರಟಿದ್ದಾನೆ ನೋಡೋ” ಅಂತ ನಕ್ಕರು. ಸಾಲಿನ ಕೊನೆಯಲ್ಲಿ ತೊಟ್ಟಿಲಿನಿಂದ ಏಳುತ್ತಿರುವ ಮಗು. ಅಲ್ಲಿಗೆ ಬಂದಾಗ ಅಮ್ಮನ ನಗು ನಿಂತಿತು.

ಸಾಲು ನೇರ ಇದೆ, ಎಲ್ಲರೂ ಒಂದೇ ಎತ್ತರದಲ್ಲಿದ್ದಾರೆ. ಗಾಬರಿ ಹುಟ್ಟಿಸುವ ಚಿತ್ರ ಅನ್ನಿಸಲಿಲ್ಲ ನನಗೆ. ಮದುವೆ ಮನೆಯ ಪಂಕ್ತಿಗೆ ಕರೆದುಕೊಂಡು ಹೋಗುವ ಹಾಗೆ ಆ ಎಲುಬಿನ ಕೈಗಳು ಮೆತ್ತಗೆ ಹಿಡಿದಿವೆ. ಜಾಗ ಚಿಕ್ಕದು, ಆದರೂ ಒಂದು ಗಂಟೆ ಇಟ್ಟುಕೊಳ್ಳಿ. ಕತ್ತು ನೋಯುತ್ತದೆ, ನಡುವೆ ಕೂತು ಸುಧಾರಿಸಿಕೊಳ್ಳಿ.

ಸಸ್ಯಾಹಾರಿಗಳು ತಿಂಡಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಈ ಭಾಗದ ಹೆಮ್ಮೆ ಒಣಗಿಸಿದ ಹಂದಿಮಾಂಸ. ನಾವು ಗೋಡೆಯ ನೆರಳಲ್ಲಿ ಕೂತು ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿಕೊಂಡು ತಿಂದೆವು.